ಉಸ್ತಾದರ ಎರಡು ಲೆಕ್ಕ

ನಾಗರಬಾವಿ ಎರಡನೇ ಹಂತದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಗೆ ಒಂದು ಪಾರ್ಕ್ ಇದೆ. ಅದರ ಮೂಲೆಯಲ್ಲಿ, ಪಾಲಿಕೆಯವರು ಹಾಕಿಸಿದ ವ್ಯಾಯಾಮದ ಸಲಕರಣೆಗಳ ಪಕ್ಕ, ಎರಡು ಕಂಬಕ್ಕೆ ಅಡ್ಡ ಕೂರಿಸಿದ ಒಂದು ಕಬ್ಬಿಣದ ಬಾರ್ ಇದೆ. ಹೋದ ಮಳೆಗಾಲದಿಂದ ಅಲ್ಲಿಗೆ ಒಬ್ಬ ಹುಡುಗ ಬರುತ್ತಿದ್ದಾನೆ. ಹಳ್ಳಿಯಿಂದ ಬಂದು ಪಾಪರೆಡ್ಡಿಪಾಳ್ಯದಲ್ಲಿ ಅಣ್ಣನ ರೂಮಿನಲ್ಲಿದ್ದುಕೊಂಡು, ಹಗಲೆಲ್ಲ ಮನೆಮನೆಗೆ ಪಾರ್ಸೆಲ್ ತಲುಪಿಸುತ್ತ, ಸೇನೆಯ ಅಗ್ನಿವೀರ ಭರ್ತಿಗೆ ತಯಾರಾಗುತ್ತಿರುವವನು. ಓಟದ ಬಗ್ಗೆ ಅವನಿಗೆ ಭಯವಿಲ್ಲ. 1.6 ಕಿಲೋಮೀಟರ್ ಓಟವನ್ನು ಜ್ಞಾನಭಾರತಿಯ ರಸ್ತೆಗಳಲ್ಲಿ ಓಡಿ ಓಡಿ ಕೈವಶ ಮಾಡಿಕೊಂಡಿದ್ದಾನೆ. ಅವನ ಚಿಂತೆಯೆಲ್ಲ ಬಾರಿನದು. ಭರ್ತಿಯ ದಿನ ಬಾರ್ ಹಿಡಿದು ಹತ್ತು ಸಲ ಮೈಯನ್ನು ಮೇಲಕ್ಕೆಳೆದರೆ 40 ಅಂಕ, ಒಂಬತ್ತಕ್ಕೆ 33, ಎಂಟಕ್ಕೆ 27, ಏಳಕ್ಕೆ 21, ಆರಕ್ಕೆ 16. ಆರು ಮುಟ್ಟದವನು ಅಲ್ಲಿಂದಲೇ ಊರಿಗೆ ವಾಪಸು.

“ಐದಕ್ಕೇ ನಿಂತ್ಬಿಟ್ಟಿದೀನಿ ಅಂಕಲ್,” ಅಂದ ಒಂದು ದಿನ. ಕೈಗಳನ್ನು ಒದರಿಕೊಳ್ಳುತ್ತ ಬೆಂಚಿನ ಮೇಲೆ ಬಂದು ಕೂತಿದ್ದ.

“ವಾರಕ್ಕೆ ಎಷ್ಟು ದಿನ ಮಾಡ್ತೀಯಪ್ಪ?”

“ಎರಡು ದಿನ. ಮಾಡಿದ ದಿನ ಕೈ ಎತ್ತೋಕಾಗದ ಹಾಗೆ ಮಾಡ್ತೀನಿ. ಆಮೇಲೆ ನೋವು ಇಳಿಯೋಕೆ ಮೂರು ದಿನ ಬೇಕಾಗುತ್ತೆ.”

ಆ ಮಾತು ಕೇಳಿದ್ದೇ ತಡ, ನಲವತ್ತೈದು ವರ್ಷ ಹಿಂದಿನ ಒಂದು ಗರಡಿ, ಅದರ ಉಸ್ತಾದರು, ಅಲ್ಲಿ ನನ್ನ ಪಕ್ಕದಲ್ಲೇ ಸಾಮು ಮಾಡುತ್ತಿದ್ದ ಇನ್ನೊಬ್ಬ ಹುಡುಗ, ಎಲ್ಲರೂ ಒಟ್ಟಿಗೆ ನೆನಪಾದರು.

ಮಾಗಡಿ ರಸ್ತೆಯಿಂದ ಒಳಗೆ ತಿರುಗುವ ಒಂದು ಬೀದಿಯಲ್ಲಿ ನಮ್ಮ ಮನೆ. ಅಪ್ಪ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಬೀದಿಯ ಅರ್ಧದಷ್ಟು ಮನೆಗಳು ಮಿಲ್ಲಿನ ಸೈರನ್ನಿಗೆ ಏಳುತ್ತಿದ್ದವು, ಇನ್ನರ್ಧ ಪಕ್ಕದ ಮನೆಯ ಮಗ್ಗದ ಸದ್ದಿಗೆ. ಬೀದಿ ಮುಗಿಯುವಲ್ಲಿ ಮುನೇಶ್ವರನ ಗುಡಿ, ಗುಡಿಯ ಗೋಡೆಗೆ ಒತ್ತಿಕೊಂಡು ಗರಡಿ. ಬಾಗಿಲು ಎಷ್ಟು ಗಿಡ್ಡವೆಂದರೆ ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ನೆಲ ಬೀದಿಗಿಂತ ಎರಡು ಮೆಟ್ಟಿಲು ಕೆಳಗೆ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಸಿನ, ಕುಂಕುಮ, ಕರ್ಪೂರ ಬೆರೆಸಿ ಹದ ಮಾಡಿದ ಮಟ್ಟಿ ಮಧ್ಯದಲ್ಲಿ. ಕಿಟಕಿ ಎನ್ನಲು ಒಂದು ಬೆಳಕಿಂಡಿ ಮಾತ್ರ. ಬೆವರು, ಎಣ್ಣೆ, ಮಣ್ಣು ಸೇರಿದ ಆ ವಾಸನೆ ಅಂಗಿಗೆ ಹತ್ತಿದರೆ ಎರಡು ಒಗೆತಕ್ಕೆ ಹೋಗುತ್ತಿರಲಿಲ್ಲ. ಗೋಡೆಯಲ್ಲಿ ಆಂಜನೇಯ, ಅವನ ಪಕ್ಕ ಗಾಮಾ ಪೈಲ್ವಾನ್, ಇನ್ನೊಂದು ಪಕ್ಕ ಯಾವುದೋ ಪತ್ರಿಕೆಯಿಂದ ಕತ್ತರಿಸಿ ಕಟ್ಟು ಹಾಕಿಸಿದ ಕೆ.ವಿ. ಅಯ್ಯರ್ ಅವರ ಫೋಟೋ. ಮೂಲೆಯಲ್ಲಿ ಗದೆಗಳು, ಕಲ್ಲುಗುಂಡುಗಳು. ಹಿತ್ತಲಿಗೆ ಹೋಗುವ ದಾರಿಯಲ್ಲಿ, ತೊಲೆಗೆ ಬಿಗಿದ ಸಿಂಗಲ್ ಬಾರ್.

ಉಸ್ತಾದರೂ ಮಿಲ್ಲಿನಲ್ಲಿ ದುಡಿದವರೇ. ಪ್ರಾಯದಲ್ಲಿ ಮೈಸೂರು ದಸರಾ ಕುಸ್ತಿಗೆ ಹೋಗಿ ಬಂದವರು ಎಂದು ಬೀದಿಯವರು ಹೇಳುತ್ತಿದ್ದರು. ಅವರ ಬಾಯಿಂದ ಆ ಮಾತು ನಾನು ಕೇಳಿದ್ದಿಲ್ಲ. ದೀಪದ ಎಣ್ಣೆಗೆಂದು ತಿಂಗಳಿಗೆ ಕೊಡುವ ಚಿಲ್ಲರೆ ಬಿಟ್ಟರೆ ಬೇರೆ ಫೀಸು ಇರಲಿಲ್ಲ. ಅದನ್ನೂ ಕೊಡಲಾಗದವರನ್ನು ಅವರು ಕೇಳುತ್ತಿರಲಿಲ್ಲ. ಯಾರಾದರೂ ಎರಡು ದಿನ ಗರಡಿಗೆ ಬಾರದಿದ್ದರೆ ಮೂರನೇ ದಿನ ಸಂಜೆ ಅವರ ಮನೆ ಬಾಗಿಲಿಗೇ ಹೋಗಿ, “ಹುಡುಗ ಹುಷಾರಾಗಿದ್ದಾನೇನಮ್ಮ?” ಎಂದು ವಿಚಾರಿಸುತ್ತಿದ್ದರು.

ನಾನು ಗರಡಿಗೆ ಸೇರಿದ್ದು ಟೈಫಾಯಿಡ್ಡಿನಿಂದ ಎದ್ದ ಮೇಲೆ. ಸೊರಗಿ ಕಡ್ಡಿಯಾಗಿದ್ದೆ. ಅಮ್ಮನೇ ಕರೆದುಕೊಂಡು ಬಂದು ಹೊಸ್ತಿಲ ಆಚೆ ನಿಂತು, “ಸ್ವಲ್ಪ ಮೈ ಹಿಡಿಸಿಕೊಡಿ ಉಸ್ತಾದ್ರೇ,” ಅಂದಿದ್ದಳು. ಉಸ್ತಾದರು ನನ್ನನ್ನು ಬಾರಿನ ಕೆಳಗೆ ನಿಲ್ಲಿಸಿ ಸೊಂಟ ಹಿಡಿದು ಎತ್ತಿದರು. “ಹಿಡ್ಕೋ. ಈಗ ಎಳಿ.” ನನ್ನ ಮೈ ಅಲುಗಲಿಲ್ಲ. ಗರಡಿಯಲ್ಲಿ ಯಾರೂ ನಗಲಿಲ್ಲ. ಇನ್ನೊಬ್ಬನ ಮೈ ನೋಡಿ ನಗುವುದಕ್ಕೆ ಅಲ್ಲಿ ಅಪ್ಪಣೆ ಇರಲಿಲ್ಲ.

ಅವತ್ತು ಅವರು ಹಾಕಿಕೊಟ್ಟ ಲೆಕ್ಕ ಇಷ್ಟೇ. “ಒಳಗೆ ಬಂದ್ಯಾ, ಸ್ವಾಮಿಗೆ ಕೈ ಮುಗಿ, ಬಂದು ಒಂದ್ಸಲ ಜೋತ್ಕೋ. ನೀರು ಕುಡಿಯೋಕೆ ಹಿತ್ತಲಿಗೆ ಹೊರಟ್ಯಾ, ಒಂದ್ಸಲ. ವಾಪಸು ಬರುವಾಗ ಒಂದ್ಸಲ. ಮನೆಗೆ ಹೋಗೋ ಮುಂಚೆ ಒಂದ್ಸಲ. ಕೈ ನಡುಗೋಕೆ ಮುಂಚೆ ಇಳಿದುಬಿಡಬೇಕು. ನಡುಗಿಸಿಕೊಂಡ್ಯೋ, ನಾಳೆ ಬಾರ್ ಮುಟ್ಟೋಕೆ ಬಿಡಲ್ಲ.” ಮಾಡದಿದ್ದರೆ ಶಿಕ್ಷೆ ಕೊಡುವವರು ಎಲ್ಲೆಲ್ಲೂ ಇದ್ದರು. ಹೆಚ್ಚು ಮಾಡಿದ್ದಕ್ಕೆ ಶಿಕ್ಷೆ ಇಟ್ಟವರನ್ನು ನಾನು ಕಂಡಿದ್ದು ಅಲ್ಲಿ ಮಾತ್ರ.

ಬರೀ ಜೋತಾಡುವುದು ಕೆಲವು ವಾರ ನಡೆಯಿತು. ಆಮೇಲೆ ಒಂದು ದಪ್ಪ ಹಲಗೆ ತಂದಿಟ್ಟರು. ಅದರ ಮೇಲೆ ನಿಂತು ಗಲ್ಲವನ್ನು ಬಾರಿನ ಮೇಲಿಟ್ಟು, ಕಾಲು ತೆಗೆದು, ಎಷ್ಟು ನಿಧಾನ ಆಗುತ್ತೋ ಅಷ್ಟು ನಿಧಾನವಾಗಿ ಇಳಿಯುವುದು. ಅದೂ ಹಾಗೆಯೇ, ಬಂದಾಗ ಒಂದು, ಹೋಗುವಾಗ ಒಂದು. “ಸುಸ್ತಾದ ಮೈ ತಪ್ಪನ್ನೇ ಕಲಿಯೋದು” ಎಂದು ಒಮ್ಮೆ ಹೇಳಿದ್ದರು. ಶಾಲೆಯಲ್ಲಿ ಯಾವ ಮೇಷ್ಟರೂ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ದೊಡ್ಡ ಪಾಠ ಹೇಳಿದ್ದು ನನಗೆ ನೆನಪಿಲ್ಲ. ದಸರೆಯ ಹೊತ್ತಿಗೆ ಒಂದು ಸಂಜೆ ಕಾಲ ಕೆಳಗೆ ಹಲಗೆ ಇಲ್ಲದೆಯೇ ನನ್ನ ಗಲ್ಲ ಬಾರ್ ದಾಟಿತು. ಉಸ್ತಾದರು ಹೊಗಳಲಿಲ್ಲ. “ಸಾಕು, ಇಳಿ. ನಾಳೆ ಬಾ,” ಅಂದರು. ಮುಂದಿನ ದಸರೆಯಲ್ಲಿ ನನಗಿಂತ ಎರಡರಷ್ಟು ತೋಳಿದ್ದ ಹುಡುಗರು ಎಳೆಯಲಾರದಷ್ಟು ನಾನು ಎಳೆಯುತ್ತಿದ್ದೆ. ತೋಳು ಮಾತ್ರ ಆಗಲೂ ಸಣ್ಣದೇ.

ತೋಳು ದಪ್ಪವಾಗದೆ ಬಲ ಎಲ್ಲಿಂದ ಬಂತು ಎನ್ನುವುದು ನನಗೆ ಬಹಳ ಕಾಲ ಒಗಟಾಗಿತ್ತು. ನೌಕರಿಗೆ ಸೇರಿದ ಮೇಲೆ ಈ ವಿಷಯ ಓದುವ ಅಭ್ಯಾಸ ಬೆಳೆದು, ಉತ್ತರ ಸ್ವಲ್ಪ ಸ್ವಲ್ಪವಾಗಿ ಸಿಕ್ಕಿತು. ತಾಲೀಮಿನ ಮೊದಲ ವಾರಗಳಲ್ಲಿ ಹೆಚ್ಚುವ ಬಲ ಬಹುಪಾಲು ಸ್ನಾಯುವಿನದಲ್ಲ, ನರದ್ದು. 1979ರಲ್ಲಿ ಮೊರಿತಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು ಇದನ್ನು ಅಳೆದು ತೋರಿಸಿದರು: ಮೊದಲು ನರಮಂಡಲ ಇರುವ ಸ್ನಾಯುವನ್ನೇ ಹೆಚ್ಚು ಹೆಚ್ಚು ಕೆಲಸಕ್ಕೆ ಕರೆಯುವುದನ್ನು ಕಲಿಯುತ್ತದೆ, ಸ್ನಾಯು ಬೆಳೆಯುವುದು ಅದರ ಹಿಂದೆ. ಇನ್ನೂ ಹಿಂದೆ, 1894ರಲ್ಲೇ, ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಕ್ರಿಪ್ಚರ್ ಮತ್ತು ಅವರ ಸಂಗಡಿಗರು ಒಂದು ಕೈಗೆ ಮಾತ್ರ ತಾಲೀಮು ಕೊಟ್ಟು ನೋಡಿದ್ದರು. ಏನೂ ಮಾಡದೆ ಸುಮ್ಮನಿದ್ದ ಇನ್ನೊಂದು ಕೈಯ ಬಲವೂ ಹೆಚ್ಚಿತ್ತು. ಕಲಿತದ್ದು ಕೈಯೊಂದೇ ಆಗಿದ್ದರೆ ಹೀಗಾಗುತ್ತಿರಲಿಲ್ಲ. ಬಾರ್ ಎಳೆಯುವುದೂ ಮಗ್ಗಿ ಕಲಿತ ಹಾಗೆಯೇ: ಭಾನುವಾರವೊಂದೇ ದಿನ ಕೂತು ಗಂಟಲು ಹರಿಯುವಷ್ಟು ಕೂಗಿದರೆ ಬರುವುದಿಲ್ಲ, ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಸಲ ಹೇಳಿದರೆ ಬರುತ್ತದೆ.

ಇದೇ ದಾರಿಯನ್ನು ಬೆಲಾರಸ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಪಾವೆಲ್ ತ್ಸತ್ಸೂಲಿನ್ ಎಂಬ ತರಬೇತುದಾರರು ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಲೋಕಕ್ಕೆಲ್ಲ ಪರಿಚಯಿಸಿದರು. ಒಂದೇ ಕಸರತ್ತನ್ನು ಆರಿಸಿಕೊ, ನಿನ್ನ ಕೈಲಾಗುವುದರ ಅರ್ಧದಷ್ಟು ಮಾತ್ರ ಮಾಡು, ದಿನದಲ್ಲಿ ಹಲವು ಸಲ ಮಾಡು, ಸುಸ್ತಾಗುವ ಮುಂಚೆ ನಿಲ್ಲಿಸು. ಓದಿದಾಗ ನಮ್ಮ ಉಸ್ತಾದರೇ ಎದುರು ನಿಂತು ಹೇಳಿದಂತಾಯಿತು. ಆದರೆ ಸಂಶೋಧನೆ ಇನ್ನೂ ಒಂದು ಮಾತು ಹೇಳುತ್ತದೆ, ಅದನ್ನು ಬಿಡಬಾರದು. 2018ರಲ್ಲಿ ಬಲದ ತಾಲೀಮಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಕಂಡದ್ದು: ವಾರದ ಒಟ್ಟು ಕೆಲಸ ಅಷ್ಟೇ ಇದ್ದರೆ, ಅದನ್ನು ಎರಡು ದಿನಕ್ಕೆ ಹಂಚಿದರೂ ಐದು ದಿನಕ್ಕೆ ಹಂಚಿದರೂ ಬಲದಲ್ಲಿ ದೊಡ್ಡ ಅಂತರವಿಲ್ಲ. ಹಾಗಾದರೆ ಪದೇ ಪದೇ ಮಾಡುವುದರ ಲಾಭವೇನು? ಹಂಚಿಕೊಂಡಾಗ ಒಟ್ಟು ಕೆಲಸ ತಾನಾಗಿ ಹೆಚ್ಚುತ್ತದೆ, ಮತ್ತು ಅದರಲ್ಲಿ ಪ್ರತಿಯೊಂದೂ ಚೊಕ್ಕವಾಗಿರುತ್ತದೆ. ಐದು ಎಳೆಯಬಲ್ಲವನು ವಾರಕ್ಕೆರಡು ದಿನ ಸುಸ್ತಾಗುವವರೆಗೆ ಎಳೆದರೆ ಇಪ್ಪತ್ತೈದೋ ಮೂವತ್ತೋ ಆಗುತ್ತದೆ, ಅದರಲ್ಲಿ ಅರ್ಧ ಒದ್ದಾಟ. ಅವನೇ ದಿನಕ್ಕೆ ಐದಾರು ಸಲ, ಒಂದೊಂದು ಸಲಕ್ಕೆ ಎರಡರಂತೆ ಎಳೆದರೆ ವಾರಕ್ಕೆ ಅರವತ್ತೋ ಎಪ್ಪತ್ತೋ ಆಗುತ್ತದೆ, ಒಂದರಲ್ಲೂ ಒದ್ದಾಟವಿಲ್ಲ.

ಪಾರ್ಕಿನ ಹುಡುಗನಿಗೆ ಇದನ್ನೇ ಹೇಳಿದೆ. ರೂಮಿನ ಪಕ್ಕ ಕಟ್ಟುತ್ತಿದ್ದ ಮನೆಯೊಂದರಲ್ಲಿ ಮೇಸ್ತ್ರಿಯನ್ನು ಕೇಳಿಕೊಂಡು ಒಂದು ಪೈಪು ಅಡ್ಡ ಹಾಕಿಸಿಕೊಂಡ. ಬೆಳಿಗ್ಗೆ ಎದ್ದಾಗ ಎರಡು, ಕೆಲಸಕ್ಕೆ ಹೊರಡುವಾಗ ಎರಡು, ಊಟಕ್ಕೆ ಬಂದಾಗ ಎರಡು, ಸಂಜೆ ಪಾರ್ಕಿನಲ್ಲಿ ಎರಡು ಮೂರು ಸಲ. ವಾರಕ್ಕೊಂದು ದಿನ ಪೂರಾ ರಜೆ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನ ಎದುರಿಗೇ ಎಂಟು ಎಳೆದ. ಇಳಿದವನ ಮುಖ ನೋಡಿ ನನಗೇ ಹಿಗ್ಗಾಯಿತು. ಆದರೆ ಅವನು ಮರುಕ್ಷಣವೇ ಕೇಳಿದ: “ಅಂಕಲ್, ಈಗ ದಿನಕ್ಕೆ ಐವತ್ತು ಮಾಡಿದ್ರೆ ಹತ್ತು ಬೇಗ ಬರಲ್ವಾ?”

ಈ ಪ್ರಶ್ನೆಯ ಉತ್ತರ ನನಗೆ ಗೊತ್ತಿರುವುದು ಗರಡಿಯ ಆ ಇನ್ನೊಬ್ಬ ಹುಡುಗನಿಂದ.

ಅವನು ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಅವನ ಅಪ್ಪ ಮಾರ್ಕೆಟ್ಟಿನಲ್ಲಿ ಕೈಗಾಡಿ ಎಳೆಯುತ್ತಿದ್ದರು. ಹುಟ್ಟಿನಿಂದ ಬಂದ ಮೈಕಟ್ಟು, ಮಟ್ಟಿಗಿಳಿದರೆ ತನಗಿಂತ ದೊಡ್ಡವರನ್ನು ಚಿತ್ ಮಾಡುತ್ತಿದ್ದ. ಉಸ್ತಾದರು ಅವನಲ್ಲಿ ದಸರಾ ಪೈಲ್ವಾನನನ್ನು ಕಂಡಿದ್ದರು. ತಮಗೆ ಎಟುಕದೆ ಹೋದದ್ದು ಇವನಿಂದ ಕೈಗೂಡಬೇಕೆಂಬ ಆಸೆ ಅವರ ಕಣ್ಣಲ್ಲಿ ಎಲ್ಲರಿಗೂ ಕಾಣುತ್ತಿತ್ತು. ನನಗೆ ಬಾರ್ ಹೇಗೋ ಅವನಿಗೆ ಬಸ್ಕಿ ಹಾಗೆ, ದಿನವೂ ತಪ್ಪದ ಒಂದೇ ಕಸರತ್ತು. ಆದರೆ ಅವನ ಲೆಕ್ಕವೇ ಬೇರೆ. ನಸುಕಿನಲ್ಲಿ ಸಾವಿರ ಬಸ್ಕಿ. ಅದು ಸಲೀಸಾದರೆ ಸಾವಿರದೈನೂರು. ಮಧ್ಯೆ ನಿಂತರೆ ಮತ್ತೆ ಒಂದರಿಂದ. ಗಾಮಾ ದಿನಕ್ಕೆ ಐದು ಸಾವಿರ ಬೈಠಕ್ ಹೊಡೆಯುತ್ತಿದ್ದನೆಂಬ ಕತೆ ಎಲ್ಲ ಗರಡಿಗಳಲ್ಲೂ ಇತ್ತು. ಗೋಡೆಯ ಮೇಲಿನ ಫೋಟೋ ತೋರಿಸಿ ಉಸ್ತಾದರು, “ಅವರೂ ಮನುಷ್ಯರೇ ಅಲ್ವೇನಲೇ?” ಎನ್ನುತ್ತಿದ್ದರು. ನನಗೆ ಕೈ ನಡುಗುವ ಮುಂಚೆ ಇಳಿ ಎಂದವರು, ಅವನ ತೊಡೆ ನಡುಗುವಾಗ “ಇನ್ನೂರು ಬಾಕಿ” ಎನ್ನುತ್ತಿದ್ದರು.

ಒಂದು ಚಳಿಗಾಲ ಅವನ ಬಲಮಂಡಿ ಊದಿಕೊಂಡಿತು. ಅರಿಸಿನ ಸುಣ್ಣದ ಪಟ್ಟು ಹಾಕಿ ಬಸ್ಕಿ ಮುಂದುವರಿಯಿತು. ಊತ ಇಳಿಯುವುದು, ಮತ್ತೆ ಬರುವುದು. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ತುಂಬ ತಡವಾಗಿತ್ತು. ಮಟ್ಟಿಗೆ ಇಳಿಯುವುದು ನಿಂತಿತು. ಕೆಲವು ತಿಂಗಳು ಗರಡಿಯ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದ, ಆಮೇಲೆ ಬರುವುದೂ ನಿಂತಿತು. ಉಸ್ತಾದರು ಅವನ ಮನೆಗೆ ಹೋಗುತ್ತಲೇ ಇದ್ದರು. ಆ ಮನೆಯಲ್ಲಿ ಏನು ಮಾತಾಡುತ್ತಿದ್ದರೋ, ಅಲ್ಲಿಂದ ಬಂದ ದಿನ ಗರಡಿಯಲ್ಲಿ ಯಾರ ಜೊತೆಗೂ ಮಾತಿರುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಮೂಡಲಪಾಳ್ಯದ ಒಂದು ಕಲ್ಯಾಣಮಂಟಪದಲ್ಲಿ ಅವನು ಸಿಕ್ಕಿದ. ಊಟದ ಹಾಲ್ ಮಹಡಿ ಮೇಲಿತ್ತು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಹತ್ತುತ್ತಿದ್ದ. ಪಕ್ಕದಲ್ಲಿ ಕೂತು ಉಂಡೆವು. ಉಸ್ತಾದರ ಮಾತು ಬಂದಾಗ ಅವನ ದನಿ ಮೆತ್ತಗಾಯಿತು. “ದೇವರಂಥೋರು ಕಣೋ. ನನ್ನ ಮೇಲೆ ಎಷ್ಟು ನಂಬಿಕೆ ಇಟ್ಟಿದ್ರು ಗೊತ್ತಾ?” ಅಂದ. ಅವನ ಮಾತಿನಲ್ಲಿ ದೂರು ಲವಲೇಶವೂ ಇರಲಿಲ್ಲ.

ನನಗೆ ಮಾತ್ರ ಅವತ್ತಿನಿಂದ ಒಂದು ವಿಷಯ ಸ್ಪಷ್ಟವಾಯಿತು. ಉಸ್ತಾದರಿಗೆ ವಿದ್ಯೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಸುಸ್ತಾದ ಮೈ ತಪ್ಪು ಕಲಿಯುತ್ತದೆ ಎಂದು ಹೇಳಿದವರು ಅವರೇ. ಆ ವಿದ್ಯೆಯನ್ನು ಅವರು ನನಗೆ ಪೂರ್ತಿಯಾಗಿ ಕೊಟ್ಟರು, ಅವನಿಗೆ ಕೊಡಲಿಲ್ಲ. ಕಾರಣ ಸರಳ. ನನ್ನ ಮೇಲೆ ಅವರಿಗೆ ಆಸೆ ಇರಲಿಲ್ಲ, ಹಾಗಾಗಿ ಅವಸರವೂ ಇರಲಿಲ್ಲ. ಜ್ವರ ಬಿಟ್ಟೆದ್ದ ಹುಡುಗ ಇವತ್ತು ಎಳೆದರೇನು, ಬರುವ ವರ್ಷ ಎಳೆದರೇನು? ಅವನ ಮೇಲೆ ಬೆಟ್ಟದಷ್ಟು ಆಸೆ ಇತ್ತು. ಆ ಆಸೆ ದಿನದಿನಕ್ಕೆ ಲೆಕ್ಕ ಏರಿಸಿತು. ಒಂದೇ ಕಸರತ್ತು, ದಿನವೂ, ಒಬ್ಬರೇ ಗುರು. ಕಮ್ಮಿ ನಿರೀಕ್ಷೆಯವನು ಗಟ್ಟಿಯಾದ, ಹೆಚ್ಚು ನಿರೀಕ್ಷೆಯವನು ಮುರಿದ. ಉಸ್ತಾದರನ್ನು ನಾನು ಈಗಲೂ ಪ್ರೀತಿಸುತ್ತೇನೆ. ಆ ಪ್ರೀತಿಯ ಜೊತೆಯಲ್ಲೇ ಇದನ್ನೂ ಹೇಳಬೇಕು: ಆ ಹುಡುಗನ ಮಂಡಿ ಹೋದದ್ದು ವಿಧಿಯಿಂದಲ್ಲ.

ಇದು ನಮ್ಮ ಗರಡಿಯೊಂದರ ಕತೆಯಲ್ಲ. ಭಾರ ಎತ್ತುವ ಕ್ರೀಡೆಯಲ್ಲಿ ಬಲ್ಗೇರಿಯದ ಇವಾನ್ ಅಬಾಜಿಯೆವ್ ಎಂಬ ತರಬೇತುದಾರ ಪದೇ ಪದೇ ಮಾಡಿಸುವ ಈ ವಿಧಾನವನ್ನು ಅದರ ಕೊನೆಯ ಅಂಚಿಗೆ ಒಯ್ದರು. ಹತ್ತಾರು ಕಸರತ್ತುಗಳನ್ನು ಬಿಟ್ಟು ಬೆರಳೆಣಿಕೆಯಷ್ಟನ್ನು ಇಟ್ಟುಕೊಂಡು, ದಿನವೂ, ದಿನಕ್ಕೆ ಹಲವು ಸಲ, ಎತ್ತಬಲ್ಲ ಗರಿಷ್ಠ ಭಾರವನ್ನೇ ಎತ್ತಿಸುವುದು ಅವರ ಕ್ರಮ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅವರ ಪುಟ್ಟ ದೇಶ ಈ ಕ್ರೀಡೆಯಲ್ಲಿ ಮೂರು ಚಿನ್ನ, ಮೂರು ಬೆಳ್ಳಿ ಗೆದ್ದು ಲೋಕವನ್ನು ಬೆರಗಾಗಿಸಿತು. 1988ರ ಸೋಲ್‌ನಲ್ಲಿ ಇಬ್ಬರು ಬಲ್ಗೇರಿಯನ್ನರ ಚಿನ್ನ ಉದ್ದೀಪನ ಮದ್ದಿನ ಕಾರಣಕ್ಕೆ ಹೋಯಿತು, ತಂಡವೇ ಕೂಟದಿಂದ ಹಿಂದೆ ಸರಿಯಿತು. ಗೆದ್ದವರ ಹೆಸರು ದಾಖಲೆಯಲ್ಲಿದೆ. ಆ ದಿನಚರಿ ತಾಳಲಾರದೆ ಬಿಟ್ಟುಹೋದವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಸ್ನಾಯು ವಾರಗಳಲ್ಲಿ ಬಲವಾಗುತ್ತದೆ, ಅದನ್ನು ಮೂಳೆಗೆ ಬಿಗಿದಿರುವ ಸ್ನಾಯುರಜ್ಜು ಅಷ್ಟು ಬೇಗ ಒಗ್ಗಿಕೊಳ್ಳುವುದಿಲ್ಲ. ಉತ್ಸಾಹ ಸ್ನಾಯುವಿನ ವೇಗಕ್ಕೆ ಓಡಿದಾಗ ಮೊದಲು ಹೋಗುವುದು ಮೊಣಕೈ, ಭುಜ, ಮಂಡಿ.

ಪಾರ್ಕಿನ ಹುಡುಗನಿಗೆ ನಾನು ಐವತ್ತಕ್ಕೆ ಒಪ್ಪಲಿಲ್ಲ. “ಎರಡರ ಜಾಗದಲ್ಲಿ ಮೂರು ಮಾಡು, ಅಷ್ಟೇ. ಮೊಣಕೈ ಒಳಗಡೆ ನೋವು ಬಂದ್ರೆ ಅವತ್ತೇ ನಿಲ್ಸು,” ಅಂದೆ. ಅವನಿಗೆ ಅದು ರುಚಿಸಲಿಲ್ಲ. ಆದರೂ ಹಾಗೇ ಮಾಡುತ್ತಿದ್ದಾನೆ.

ಗರಡಿಯ ನೆನಪು ಬಂದಾಗಲೆಲ್ಲ ಅಕ್ಕನ ನೆನಪೂ ಬರುತ್ತದೆ. ನನ್ನನ್ನು ಒಳಗೆ ಬಿಟ್ಟ ಆ ಗಿಡ್ಡ ಬಾಗಿಲು ಅವಳನ್ನು ಬಿಡಲಿಲ್ಲ. ಹೆಣ್ಣುಮಕ್ಕಳು ಹೊಸ್ತಿಲು ದಾಟುವಂತಿರಲಿಲ್ಲ. ಆದರೆ ನಮ್ಮ ಬೀದಿಯಲ್ಲಿ ದಿನವೂ ತಪ್ಪದೆ ಭಾರ ಎತ್ತುತ್ತಿದ್ದವಳು ಅವಳು. ಬೀದಿ ನಲ್ಲಿಗೆ ನೀರು ಬರುವುದು ನಸುಕಿನಲ್ಲಿ. ಸೊಂಟದಲ್ಲೊಂದು ತುಂಬಿದ ಕೊಡ, ಕೈಯಲ್ಲೊಂದು ಬಿಂದಿಗೆ, ನಲ್ಲಿಯಿಂದ ಮನೆಗೆ, ಮನೆಯಿಂದ ನಲ್ಲಿಗೆ, ತೊಟ್ಟಿ ತುಂಬುವವರೆಗೆ. ಸಂಜೆ ಮತ್ತೆ. ಒಂದು ಸಲ ಗರಡಿಯ ಹುಡುಗರು ಪಂದ್ಯ ಕಟ್ಟಿ ಎತ್ತಲಾಗದೆ ಬಿಟ್ಟ ನೆಲ್ಲಿನ ಮೂಟೆಯನ್ನು ಅವಳು ಸೊಂಟಕ್ಕೆ ಏರಿಸಿ ಒಳಗೆ ಇಟ್ಟುಬಂದಿದ್ದಳು. ಯಾರೂ ಅದನ್ನು ಬಲ ಎಂದು ಕರೆಯ‌ಲಿಲ್ಲ, ಮನೆಗೆಲಸ ಅಂದರು. ನನಗೆ ಬಾದಾಮಿ ಅರೆದು ಹಾಕಿದ ಹಾಲು ಬರುತ್ತಿತ್ತು, ಅವಳಿಗೆ ರಾತ್ರಿ ಉಳಿದ ಮುದ್ದೆ. ಬೆನ್ನುನೋವು ಅವಳಿಗೆ ಮೂವತ್ತಕ್ಕೇ ಬಂತು. ಬೇಡವೆಂದಾಗ ನಿಲ್ಲಿಸುವ ಹಕ್ಕು ಅವಳ ತಾಲೀಮಿಗೆ ಇರಲಿಲ್ಲ. ದಿನವೂ ಮಾಡುವ ಕೆಲಸ ಮೈಯನ್ನು ಕಟ್ಟಬೇಕಾದರೆ ಹೊಟ್ಟೆಗೆ ಅನ್ನ, ಕಣ್ಣಿಗೆ ನಿದ್ದೆ, ಸಾಕೆನ್ನುವ ಸ್ವಾತಂತ್ರ್ಯ, ಈ ಮೂರೂ ಇರಬೇಕು. ಗರಡಿಯ ಶಾಸ್ತ್ರ ಹೊಗಳುವಾಗ ನಾವು ಇದನ್ನು ಮರೆಯುತ್ತೇವೆ.

ಆ ಗರಡಿ ಈಗಿಲ್ಲ. ಮಿಲ್ಲೂ ಇಲ್ಲ. ಉಸ್ತಾದರು ತೀರಿಕೊಂಡ ಮೇಲೆ ಕೆಲವು ವರ್ಷ ಬೀಗ ಬಿದ್ದಿತ್ತು, ಆಮೇಲೆ ಗೋದಾಮಾಯಿತು. ಬೆಂಗಳೂರು ಪೇಟೆಯಲ್ಲಿ ಉಳಿದಿರುವ ಗರಡಿಗಳು ಕರಗದ ವೀರಕುಮಾರರ ತಾಲೀಮಿನಿಂದ ಇನ್ನೂ ಉಸಿರಾಡುತ್ತಿವೆ. ನಾನು ತೊಂಬತ್ತರ ದಶಕದಲ್ಲಿ ನಾಗರಬಾವಿಗೆ ಮನೆ ಕಟ್ಟಿಕೊಂಡು ಬಂದಾಗ ಇಲ್ಲಿ ಮನೆಗಳಿಗಿಂತ ಖಾಲಿ ಜಾಗವೇ ಹೆಚ್ಚು. ಕತ್ತಲಾದ ಮೇಲೆ ಆಟೋದವರು ಈ ಕಡೆ ತಿರುಗುತ್ತಿರಲಿಲ್ಲ. ಈಗ ಹೊರವರ್ತುಲ ರಸ್ತೆಯಿಂದ ಬಿಡಿಎ ಕಾಂಪ್ಲೆಕ್ಸಿನವರೆಗೆ ಹೋಗಿ ಬರುವಷ್ಟರಲ್ಲಿ ಎಷ್ಟೋ ಜಿಮ್ಮುಗಳ ಬೋರ್ಡುಗಳು ಕಾಣುತ್ತವೆ. ಅವುಗಳಲ್ಲಿ ಹೆಂಗಸರೂ ಭಾರ ಎತ್ತುತ್ತಾರೆ, ಹೊಸ್ತಿಲಲ್ಲಿ ತಡೆಯುವವರಿಲ್ಲ. ಮಂಡಿ ನೋವೆಂದರೆ ಸುಣ್ಣದ ಪಟ್ಟಿನ ಬದಲು ಫಿಸಿಯೋಥೆರಪಿ ಇದೆ. ಇವು ನಿಜವಾದ ಏಳಿಗೆಗಳು. ಕಳೆದುಕೊಂಡದ್ದು, ಎರಡು ದಿನ ಬಾರದಿದ್ದರೆ ಮನೆಗೆ ಬಂದು ವಿಚಾರಿಸುವ ಒಬ್ಬ ಮನುಷ್ಯ. ದುಡ್ಡು ಕಟ್ಟಿ ತಿಂಗಳೊಳಗೆ ಬಿಟ್ಟುಬಿಡುವವರನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ.

ಒಂದೇ ಕಸರತ್ತನ್ನು ದಿನವೂ ಮಾಡುವ ವಿಚಾರ ನಮಗೆ ಹೊಸದೂ ಅಲ್ಲ, ಹೊರಗಿನಿಂದ ಬಂದದ್ದೂ ಅಲ್ಲ. ಗೋಡೆಯ ಫೋಟೋದಲ್ಲಿದ್ದ ಕೆ.ವಿ. ಅಯ್ಯರ್, ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳನ್ನು ಬರೆದ ಅದೇ ಅಯ್ಯರ್, ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಯಲ್ಲಿ ಕಬ್ಬಿಣದ ಭಾರಗಳ ಜೊತೆಯಲ್ಲೇ ಸೂರ್ಯನಮಸ್ಕಾರವನ್ನೂ ಕಲಿಸಿದವರು, ಅದರ ಬಗ್ಗೆ ಪುಸ್ತಕ ಬರೆದವರು. ಸೂರ್ಯನಮಸ್ಕಾರವೆಂದರೆ ದಿನವೂ ಅದದೇ ಚಲನೆಯನ್ನು ಮಾಡಿ ಮಾಡಿ ಮೈಗೂಡಿಸಿಕೊಳ್ಳುವುದೇ ತಾನೇ? ಇವತ್ತಿನ ಉದಾಹರಣೆ ಬೇಕೆಂದರೆ ಕುಂದಾಪುರ ತಾಲೂಕಿನ ಗುರುರಾಜ ಪೂಜಾರಿ ಇದ್ದಾರೆ. ಕುಸ್ತಿಯಿಂದ ಶುರು ಮಾಡಿ, ಉಜಿರೆಯಲ್ಲಿ ಓದುವಾಗ ವೇಟ್‌ಲಿಫ್ಟಿಂಗಿಗೆ ಬಂದವರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ನಾಲ್ಕು ವರ್ಷದ ಮೇಲೆ ಬರ್ಮಿಂಗ್‌ಹ್ಯಾಮಿನಲ್ಲಿ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚು. ಆ ಕ್ರೀಡೆಯಲ್ಲಿ ಇರುವುದೇ ಎರಡು ಎತ್ತುಗಳು, ಸ್ನ್ಯಾಚ್ ಮತ್ತು ಕ್ಲೀನ್ ಅಂಡ್ ಜರ್ಕ್. ವರ್ಷಗಟ್ಟಲೆ ಅವೆರಡನ್ನೇ ತಿದ್ದಿ ತೀಡಬೇಕು. ನಾಲ್ಕು ವರ್ಷ ಕಳೆದು ಮತ್ತೆ ವೇದಿಕೆಗೆ ಬಂದು ಇನ್ನೂ ಹೆಚ್ಚು ಎತ್ತುವುದು, ಮೈಯನ್ನು ಉಳಿಸಿಕೊಂಡು ದುಡಿಸಿದವನಿಗೆ ಮಾತ್ರ ಸಾಧ್ಯ.

ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ, ಜ್ಞಾನಭಾರತಿ ಆವರಣದ ಕಡೆಗೆ ಹೋದರೆ, ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ದೇಶದ ಹಾಕಿ ತಂಡದವರು ಶಿಬಿರಕ್ಕೆ ಬರುವ ಜಾಗ. ಅಲ್ಲಿ ಎಷ್ಟು ಮಾಡಬೇಕೆಂದು ಹೇಳುವುದಕ್ಕೂ ಜನರಿದ್ದಾರೆ, ಯಾವಾಗ ನಿಲ್ಲಿಸಬೇಕೆಂದು ಹೇಳುವುದಕ್ಕೂ ಜನರಿದ್ದಾರೆ. ಅದೇ ರಸ್ತೆಯಲ್ಲಿ ನಸುಕಿನಲ್ಲಿ ಓಡುವ, ಸೇನೆಗೆ, ಪೊಲೀಸಿಗೆ ಸೇರುವ ಆಸೆ ಹೊತ್ತ ನೂರಾರು ಹಳ್ಳಿ ಹುಡುಗ ಹುಡುಗಿಯರಿಗೆ ಎರಡನೆಯದನ್ನು ಹೇಳುವವರಿಲ್ಲ. ಅವರ ಕಿವಿಗೆ ಬೀಳುವುದು ಒಂದೇ ಮಾತು: ಇನ್ನೂ ಮಾಡು. ಮನೆಯ ಸಾಲ, ಅಪ್ಪನ ವಯಸ್ಸು, ಅರ್ಜಿಯ ವಯೋಮಿತಿ, ಎಲ್ಲವೂ ಸೇರಿ ಅದನ್ನೇ ಹೇಳುತ್ತವೆ.

ಹಾಗಾಗಿ ಮಕ್ಕಳಿಗೆ ಏನನ್ನಾದರೂ ಕಲಿಸುವ ಎಲ್ಲರಲ್ಲೂ ನನ್ನದೊಂದು ಕೋರಿಕೆ. ಅದು ಬಾರ್ ಇರಲಿ, ಓಟ ಇರಲಿ, ವೀಣೆ ಇರಲಿ, ಗಣಿತ ಇರಲಿ. ದಿನವೂ ಮಾಡಿಸಿ, ಆದರೆ ನಾಳೆಯೂ ಮಾಡಬೇಕೆನಿಸುವಷ್ಟು ಮಾತ್ರ ಮಾಡಿಸಿ. ಕೈಲಾಗದ ಮಗುವಿಗೆ ತೋರಿಸುವ ತಾಳ್ಮೆಯನ್ನು ಕೈಲಾಗುವ ಮಗುವಿಗೂ ತೋರಿಸಿ. ನೀವು ತುಂಬ ಆಸೆ ಇಟ್ಟಿರುವವನಿಗೇ ಅದು ಹೆಚ್ಚು ಬೇಕು. ಇನ್ನು ನೀವೇ ಯಾವುದಾದರೂ ಒಂದು ಕಸರತ್ತಿನಲ್ಲಿ ಎಲ್ಲೋ ನಿಂತುಬಿಟ್ಟಿದ್ದರೆ, ವಾರಕ್ಕೆರಡು ದಿನದ ಗುದ್ದಾಟ ಬಿಡಿ. ಅರ್ಧದಷ್ಟೇ ಮಾಡಿ, ಪದೇ ಪದೇ ಮಾಡಿ, ಕೈ ನಡುಗುವ ಮುಂಚೆ ಇಳಿಯಿರಿ, ವಾರಕ್ಕೊಂದು ದಿನ ಬಾರ್ ಮುಟ್ಟಬೇಡಿ. ಎರಡು ತಿಂಗಳು ಹೀಗೆ ನಡೆಸಿ ನೋಡಿ. ಉಸ್ತಾದರು ನನಗೆ ಹಾಕಿಕೊಟ್ಟ ಲೆಕ್ಕ ಇದು, ಮತ್ತು ಅವರ ಎರಡು ಲೆಕ್ಕಗಳಲ್ಲಿ ಸರಿಯಾದದ್ದು ಇದೇ.